ಸಂಚಾರಿ ರೇಡಾರ್ ಮತ್ತು ಸುಂಟರಗಾಳಿಯ ಸಾಕ್ಷ್ಯ

ಪೀಠಿಕೆ

ಒಂದು ಘಟನೆ ನಡೆಯಿತೆಂದು ಹೇಳುವ ಮೊದಲು, ಅದು ನಡೆದುದು ನಮಗೆ ಯಾವ ಸಾಕ್ಷ್ಯದಿಂದ ತಿಳಿಯಿತೆಂದು ಕೇಳಿಕೊಳ್ಳುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಪ್ರಥಮ ಕರ್ತವ್ಯ. ಶಾಸನ, ನಾಣ್ಯ, ಕಡತ, ಪ್ರವಾಸಿಯ ಬರಹ ಇವುಗಳನ್ನು ಕುರಿತು ಈ ಪ್ರಶ್ನೆಯನ್ನು ನಾವು ಎಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಪ್ರಕೃತಿಯ ಉತ್ಪಾತಗಳ ವಿಷಯ ಬಂದಾಗ, ಅದು ವಿಜ್ಞಾನಿಗಳಿಗೆ ಸೇರಿದ ಕ್ಷೇತ್ರವೆಂದು ಬಗೆದು, ಅವರು ಕೊಟ್ಟ ಅಂಕಿಗಳನ್ನು ವಿಚಾರಿಸದೆ ಸ್ವೀಕರಿಸುವ ರೂಢಿ ನಮ್ಮಲ್ಲಿದೆ. ಆ ಅಂಕಿಗಳಿಗೂ ಒಂದು ಚರಿತ್ರೆಯುಂಟು. ಅವು ಹುಟ್ಟಿದ ಬಗೆಯನ್ನು ಪರಿಶೀಲಿಸಿದಲ್ಲದೆ ಅವುಗಳ ಬೆಲೆ ತಿಳಿಯದು. ಇದಕ್ಕೆ ಒಂದು ಒಳ್ಳೆಯ ನಿದರ್ಶನವಾಗಿ, ಉಗ್ರವಾದ ಬಿರುಗಾಳಿಗಳನ್ನು, ಅದರಲ್ಲಿಯೂ ವಿಶೇಷವಾಗಿ ಸುಂಟರಗಾಳಿಯನ್ನು, ಬೆನ್ನಟ್ಟಿ ಹೋಗಿ ಅಳೆಯುವ ಸಂಚಾರಿ ರೇಡಾರಿನ ವೃತ್ತಾಂತವನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ನಾವಿಲ್ಲಿ ಸುಂಟರಗಾಳಿಯೆಂದು ಕರೆಯುವುದು ಬೇಸಗೆಯ ಮಧ್ಯಾಹ್ನ ನಮ್ಮ ಬಯಲುಗಳಲ್ಲಿ ಧೂಳೆಬ್ಬಿಸಿ ತಿರುಗುವ ಸಣ್ಣ ಗಾಳಿಯನ್ನಲ್ಲವೆಂಬುದನ್ನು ಮೊದಲೇ ಹೇಳಬೇಕು. ಗುಡುಗು ಮಳೆಯ ಮಹಾಮೇಘದ ತಳದಿಂದ ನೆಲದವರೆಗೆ ಕಂಬದಂತೆ ನಿಂತು, ದಾರಿಯಲ್ಲಿ ಸಿಕ್ಕಿದ ಮನೆಮಠಗಳನ್ನು ನೆಲಸಮ ಮಾಡುವ ಟಾರ್ನೇಡೋ ಎಂಬುದೇ ಇಲ್ಲಿಯ ವಿಷಯ. ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವಣ ಮಹಾ ಬಯಲುಪ್ರದೇಶ ಇದರ ಮುಖ್ಯ ರಂಗಭೂಮಿ. 1925ನೆಯ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನ ಎಂಬ ಮೂರು ಸಂಸ್ಥಾನಗಳನ್ನು ಹಾದುಹೋದ ಒಂದೇ ಸುಂಟರಗಾಳಿಗೆ 695 ಜನ ಬಲಿಯಾದರು. ನಮ್ಮ ಉಪಖಂಡವೂ ಇದರಿಂದ ಹೊರತಲ್ಲ. 1989ನೆಯ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ ಮತ್ತು ಸಾತುರಿಯಾ ಪ್ರದೇಶಗಳನ್ನು ಹೊಡೆದ ಸುಂಟರಗಾಳಿಯಲ್ಲಿ ಮಡಿದವರ ಸಂಖ್ಯೆಯನ್ನು ಸುಮಾರು 1,300 ಎಂದು ಎಣಿಸಲಾಗಿದೆ. ಇದಕ್ಕಿಂತ ಹೆಚ್ಚು ಪ್ರಾಣಹಾನಿಯನ್ನುಂಟುಮಾಡಿದ ಸುಂಟರಗಾಳಿ ಬೇರೊಂದು ದಾಖಲಾಗಿಲ್ಲ.

ಇಂಥ ಗಾಳಿಯ ವೇಗವೆಷ್ಟು? ಪ್ರಶ್ನೆ ಸುಲಭವಾಗಿ ಕಂಡರೂ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ಸುಂಟರಗಾಳಿಯ ಅಗಲ ಸಾಮಾನ್ಯವಾಗಿ ಕೆಲವು ನೂರು ಗಜ. ಆಯುಸ್ಸು ಕೆಲವು ನಿಮಿಷ. ಅದು ಹವಾಮಾನ ನಿಲಯದ ಗಾಳಿಮಾಪಕದ ಮೇಲೆಯೇ ಹಾಯುವುದು ತೀರ ಅಪರೂಪ. ಹಾಯ್ದರೆ ಮಾಪಕ ಉಳಿಯುವುದು ಇನ್ನೂ ಅಪರೂಪ. ತನ್ನನ್ನು ಅಳೆಯಬಲ್ಲ ಸಾಕ್ಷಿಯನ್ನು ತಾನೇ ನಾಶಮಾಡುವ ಘಟನೆ ಇದು. ಆದುದರಿಂದ ಅದರ ಚರಿತ್ರೆಯೆಲ್ಲ ಅದು ಬಿಟ್ಟುಹೋದ ಅವಶೇಷಗಳ ಮೇಲೆ ಕಟ್ಟಿದ್ದಾಗಿತ್ತು.

ಅವಶೇಷಗಳನ್ನೋದಿದ ವಿದ್ವಾಂಸ

ಅವಶೇಷಗಳಿಂದ ಗಾಳಿಯನ್ನು ಅನುಮಾನಿಸುವ ವಿಧಾನವನ್ನು ಶಾಸ್ತ್ರದ ಮಟ್ಟಕ್ಕೇರಿಸಿದವರು ಟೆಟ್ಸುಯಾ ಫುಜಿಟಾ ಎಂಬ ಜಪಾನೀ ವಿದ್ವಾಂಸರು. 1920ರಲ್ಲಿ ಜನಿಸಿದ ಇವರು 1945ರಲ್ಲಿ ಅಣುಬಾಂಬಿನಿಂದ ಹಾಳಾದ ನಾಗಸಾಕಿ ಮತ್ತು ಹಿರೋಷಿಮಾ ನಗರಗಳ ಅವಶೇಷಗಳನ್ನು ಪರೀಕ್ಷಿಸಲು ಹೋದ ತಂಡದಲ್ಲಿದ್ದರು. ಬಿದ್ದ ಮರಗಳ ದಿಕ್ಕು, ಸುಟ್ಟ ಗುರುತು ಇವುಗಳಿಂದ ಸ್ಫೋಟದ ಎತ್ತರವನ್ನೂ ಸ್ಥಾನವನ್ನೂ ಗಣಿಸಬಹುದೆಂಬುದನ್ನು ಅಲ್ಲಿ ಕಂಡರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ ಅದೇ ದೃಷ್ಟಿಯನ್ನು ಸುಂಟರಗಾಳಿಯ ಹಾದಿಗೆ ಅನ್ವಯಿಸಿದರು. 1971ರಲ್ಲಿ ಅವರು ಪ್ರಕಟಿಸಿದ ಮಾನದಂಡ ಸೊನ್ನೆಯಿಂದ ಐದರವರೆಗಿನ ದರ್ಜೆಗಳಲ್ಲಿ ಸುಂಟರಗಾಳಿಗಳನ್ನು ವಿಂಗಡಿಸಿತು. ಹೆಂಚು ಹಾರಿದ ಮನೆ ಕೆಳಗಿನ ದರ್ಜೆಗೆ ಸಾಕ್ಷಿ. ತಳಪಾಯ ಮಾತ್ರ ಉಳಿದ ಮನೆ ಮೇಲಿನ ದರ್ಜೆಗೆ ಸಾಕ್ಷಿ. ನೂರಾರು ಸುಂಟರಗಾಳಿಗಳ ಹಾದಿಯನ್ನು ನಕ್ಷೆಗಿಳಿಸಿದ ಈ ಮಹನೀಯರು 1982ರವರೆಗೆ ಒಂದು ಸುಂಟರಗಾಳಿಯನ್ನಾದರೂ ಕಣ್ಣಾರೆ ಕಂಡಿರಲಿಲ್ಲವೆಂಬುದು ಗಮನಾರ್ಹ. ಕಾಣದ ಯುದ್ಧವನ್ನು ವೀರಗಲ್ಲಿನಿಂದ ತಿಳಿಯುವ ನಮಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ.

ಫುಜಿಟಾ ಅವರ ಮಾನದಂಡವನ್ನು ಪರಿಷ್ಕರಿಸಿ, 28 ಬಗೆಯ ಕಟ್ಟಡ ಮತ್ತು ಮರಗಳ ಹಾನಿಯನ್ನು ಸೂಚಕಗಳಾಗಿ ಇಟ್ಟುಕೊಂಡು, 2007ರಿಂದ ಅಮೆರಿಕದಲ್ಲಿ ಪರಿಷ್ಕೃತ ಫುಜಿಟಾ ಮಾನದಂಡವನ್ನು ಬಳಸಲಾಯಿತು. ಅದರಲ್ಲಿಯೂ ಮೂಲತತ್ತ್ವ ಬದಲಾಗಲಿಲ್ಲ: ಹಾನಿಯೇ ಸಾಕ್ಷ್ಯ, ವೇಗವು ಅನುಮಾನ. ಈ ತತ್ತ್ವದಲ್ಲಿ ಅಡಗಿರುವ ಒಂದು ದೋಷವನ್ನು ಓದುಗರು ಈಗಾಗಲೇ ಊಹಿಸಿರಬಹುದು. ಹಾಳುಮಾಡಲು ಏನೂ ಇಲ್ಲದ ಬಯಲಿನಲ್ಲಿ ಹಾಯ್ದ ಗಾಳಿ ಎಷ್ಟೇ ಪ್ರಚಂಡವಾಗಿದ್ದರೂ ದಾಖಲೆಯಲ್ಲಿ ದುರ್ಬಲವಾಗಿಯೇ ನಿಲ್ಲುವುದು. ಈ ದೋಷವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟ ಸಾಧನವೇ ಸಂಚಾರಿ ರೇಡಾರ್.

ರೇಡಾರಿನ ಪೂರ್ವವೃತ್ತ

ರೇಡಾರು ಯುದ್ಧದ ಶಿಶು. 1940ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ನಿರ್ಮಿಸಿದ ಮ್ಯಾಗ್ನೆಟ್ರಾನ್ ಎಂಬ ನಳಿಗೆಯಿಂದ ಸುಮಾರು ಹತ್ತು ಸೆಂಟಿಮೀಟರ್ ತರಂಗಾಂತರದ ಪ್ರಬಲವಾದ ಅಲೆಗಳನ್ನು ಹೊರಡಿಸಲು ಸಾಧ್ಯವಾಯಿತು. ಅದೇ ವರ್ಷ ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋಯಿತು. ಶತ್ರುವಿಮಾನವನ್ನು ಹುಡುಕುತ್ತಿದ್ದ ಸೈನಿಕರ ತೆರೆಯ ಮೇಲೆ ಮಳೆಯ ಮೋಡಗಳೂ ಮಚ್ಚೆಗಳಂತೆ ಕಾಣಿಸಿಕೊಂಡು ಅವರಿಗೆ ತೊಡಕನ್ನುಂಟುಮಾಡಿದವು. ಒಬ್ಬರ ತೊಡಕು ಮತ್ತೊಬ್ಬರ ನಿಧಿಯಾಯಿತು. ಯುದ್ಧ ಮುಗಿದೊಡನೆ ಹವಾವಿಜ್ಞಾನಿಗಳು ಮಿಕ್ಕುಳಿದ ರೇಡಾರುಗಳನ್ನು ಕೈವಶಮಾಡಿಕೊಂಡರು. 1946 ಮತ್ತು 1947ರಲ್ಲಿ ಫ್ಲಾರಿಡಾ ಮತ್ತು ಒಹಾಯೋ ಸಂಸ್ಥಾನಗಳಲ್ಲಿ ಹೊರೇಸ್ ಬೈಯರ್ಸ್ ಅವರ ನೇತೃತ್ವದಲ್ಲಿ ಗುಡುಗು ಮೋಡಗಳನ್ನು ಕುರಿತ ದೊಡ್ಡ ಅನ್ವೇಷಣೆ ನಡೆಯಿತು. ಫುಜಿಟಾ ಅವರನ್ನು ಷಿಕಾಗೋವಿಗೆ ಆಹ್ವಾನಿಸಿದವರೂ ಇದೇ ಬೈಯರ್ಸ್.

1953ನೆಯ ಏಪ್ರಿಲ್ 9ರಂದು ಇಲಿನಾಯ್ ಸಂಸ್ಥಾನದ ಷಾಂಪೇನ್ ಎಂಬಲ್ಲಿ, ಮಳೆಯ ಪ್ರಮಾಣವನ್ನಳೆಯಲು ಇಟ್ಟಿದ್ದ ಒಂದು ರೇಡಾರಿನ ಮುಂದೆ ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ತಂತ್ರಜ್ಞರು ಕುಳಿತಿದ್ದರು. ಮಳೆಯ ಪ್ರತಿಧ್ವನಿಯ ಒಂದು ಮೂಲೆಯಿಂದ ಕೊಕ್ಕೆಯಾಕಾರದ ಬಾಲವೊಂದು ಹೊರಟು ಸುರುಳಿಕೊಳ್ಳುವುದನ್ನು ಕಂಡು ಅವರು ಅದರ ಚಿತ್ರಗಳನ್ನು ದಾಖಲಿಸಿಕೊಂಡರು. ಆ ಕೊಕ್ಕೆಯ ಸ್ಥಾನದಲ್ಲಿಯೇ ಸುಂಟರಗಾಳಿ ನೆಲಕ್ಕಿಳಿದಿತ್ತೆಂಬುದು ಆಮೇಲೆ ಖಚಿತವಾಯಿತು. ಸುಂಟರಗಾಳಿಯ ಸುಳಿವನ್ನು ದೂರದಿಂದಲೇ ಹಿಡಿಯಬಹುದೆಂಬ ಭರವಸೆ ಹುಟ್ಟಿದುದು ಅಂದು. 19ನೆಯ ಶತಮಾನದ ಕೊನೆಯಿಂದ 1938ರವರೆಗೆ, ಜನ ಗಾಬರಿಗೊಂಡಾರೆಂಬ ಭಯದಿಂದ, ಅಮೆರಿಕದ ಹವಾಮಾನ ಇಲಾಖೆ ತನ್ನ ಮುನ್ಸೂಚನೆಗಳಲ್ಲಿ ಟಾರ್ನೇಡೋ ಎಂಬ ಪದವನ್ನೇ ಬಳಸಗೊಡುತ್ತಿರಲಿಲ್ಲವೆಂಬುದನ್ನು ನೆನೆದರೆ, ಈ ಭರವಸೆಯ ಬೆಲೆ ಗೊತ್ತಾಗುವುದು.

ಆದರೆ ಕೊಕ್ಕೆಯು ಆಕಾರವನ್ನು ತೋರಿಸಿತೇ ಹೊರತು ವೇಗವನ್ನು ತೋರಿಸಲಿಲ್ಲ. ವೇಗವನ್ನು ತಿಳಿಯಲು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಿರೂಪಿಸಿದ ತತ್ತ್ವದ ನೆರವು ಬೇಕಾಯಿತು. ನಮ್ಮತ್ತ ಬರುವ ರೈಲುಗಾಡಿಯ ಸಿಳ್ಳು ಏರುದನಿಯಾಗಿಯೂ, ದೂರ ಸರಿಯುವ ಗಾಡಿಯ ಸಿಳ್ಳು ಇಳಿದನಿಯಾಗಿಯೂ ಕೇಳುವುದು ಸರ್ವರ ಅನುಭವ. ಹಾಗೆಯೇ ರೇಡಾರಿನತ್ತ ಬರುವ ಮಳೆಹನಿಯಿಂದ ಹಿಂದಿರುಗಿದ ಅಲೆಯ ಆವರ್ತ ಏರುವುದು. ದೂರ ಹೋಗುವ ಹನಿಯಿಂದ ಬಂದುದು ಇಳಿಯುವುದು. ಈ ವ್ಯತ್ಯಾಸದಿಂದ ಹನಿಯನ್ನು ಹೊತ್ತೊಯ್ಯುತ್ತಿರುವ ಗಾಳಿಯ ವೇಗವನ್ನು ಲೆಕ್ಕಹಾಕಬಹುದು. 1958ನೆಯ ಜೂನ್ 10ರಂದು ಕಾನ್ಸಾಸ್ ಸಂಸ್ಥಾನದ ಎಲ್ ಡೊರಾಡೊ ಎಂಬ ಊರನ್ನು ಹೊಡೆದ ಸುಂಟರಗಾಳಿಯತ್ತ ಸ್ಮಿತ್ ಮತ್ತು ಹೋಮ್ಸ್ ಎಂಬ ಸಂಶೋಧಕರು ಇಂಥ ರೇಡಾರನ್ನು ತಿರುಗಿಸಿದರು. ಗಂಟೆಗೆ 206 ಮೈಲಿ, ಅಂದರೆ ಸುಮಾರು 330 ಕಿಲೋಮೀಟರ್ ವೇಗ ಅದರಲ್ಲಿ ಕಂಡುಬಂದಿತು. ಸುಂಟರಗಾಳಿಯೊಂದರ ವೇಗವನ್ನು ಅವಶೇಷಗಳ ಅನುಮಾನವಿಲ್ಲದೆ ಅಳೆದುದು ಅದೇ ಮೊದಲು.

ಓಕ್ಲಹೋಮ ಸಂಸ್ಥಾನದ ನಾರ್ಮನ್ ನಗರದಲ್ಲಿ 1964ರಲ್ಲಿ ರಾಷ್ಟ್ರೀಯ ಉಗ್ರಬಿರುಗಾಳಿ ಪ್ರಯೋಗಾಲಯ ಸ್ಥಾಪಿತವಾಯಿತು. ಎಡ್ವಿನ್ ಕೆಸ್ಲರ್ ಅದರ ಮೊದಲ ನಿರ್ದೇಶಕರು. 1973ನೆಯ ಮೇ 24ರಂದು ಯೂನಿಯನ್ ಸಿಟಿ ಎಂಬ ಊರಿನ ಸುಂಟರಗಾಳಿಯನ್ನು ಅಲ್ಲಿಯ ಡಾಪ್ಲರ್ ರೇಡಾರು ಹುಟ್ಟಿನಿಂದ ಕೊನೆಯವರೆಗೆ ನೋಡಿತು. ಬರುವ ಗಾಳಿ, ಹೋಗುವ ಗಾಳಿ ಎರಡೂ ಒಂದರ ಪಕ್ಕದಲ್ಲೊಂದು ಒತ್ತೊತ್ತಾಗಿ ಕಾಣುವ ವಿಶಿಷ್ಟ ಚಿಹ್ನೆ ಸುಂಟರಗಾಳಿ ನೆಲ ಮುಟ್ಟುವ ಮೊದಲೇ ಮೋಡದ ನಡುವೆ ಮೂಡಿದ್ದಿತೆಂಬುದು ದಾಖಲೆಯನ್ನು ಪರಿಶೋಧಿಸಿದಾಗ ಗೊತ್ತಾಯಿತು. 1990ರ ದಶಕದಲ್ಲಿ ದೇಶಾದ್ಯಂತ ಡಾಪ್ಲರ್ ರೇಡಾರುಗಳ ಜಾಲವನ್ನು ಹರಡಿದುದು ಈ ಶೋಧದ ಫಲ.

ರೇಡಾರು ರಸ್ತೆಗಿಳಿದುದು

ಸ್ಥಿರವಾದ ಜಾಲವೇ ಇರುವಾಗ ರೇಡಾರನ್ನು ಲಾರಿಯ ಮೇಲೇರಿಸುವ ಅಗತ್ಯವೇನು? ಇದಕ್ಕೆ ಎರಡು ಕಾರಣಗಳುಂಟು. ಎರಡೂ ರೇಖಾಗಣಿತಕ್ಕೆ ಸೇರಿದವು. ರೇಡಾರಿನ ಕಿರಣ ದೂರ ಹೋದಂತೆ ಅಗಲವಾಗುವುದು. ಒಂದು ಡಿಗ್ರಿ ಅಗಲದ ಕಿರಣ ನೂರು ಕಿಲೋಮೀಟರ್ ದೂರದಲ್ಲಿ ಸುಮಾರು 1,750 ಮೀಟರ್ ಅಗಲವಾಗಿರುವುದು. ಮುನ್ನೂರು ಮೀಟರ್ ಅಗಲದ ಸುಂಟರಗಾಳಿ ಅದರಲ್ಲಿ ಮುಳುಗಿಹೋಗುವುದು. ಐದು ಕಿಲೋಮೀಟರ್ ದೂರದಲ್ಲಾದರೋ ಅದೇ ಕಿರಣದ ಅಗಲ ತೊಂಬತ್ತು ಮೀಟರಿಗಿಂತ ಕಡಿಮೆ. ಎರಡನೆಯದಾಗಿ, ಭೂಮಿ ದುಂಡಗಿರುವುದರಿಂದಲೂ ಕಿರಣವನ್ನು ತುಸು ಮೇಲಕ್ಕೆತ್ತಬೇಕಾಗುವುದರಿಂದಲೂ ನೂರು ಕಿಲೋಮೀಟರಿನಾಚೆ ಅದು ನೆಲದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿ ಸಾಗುವುದು. ಮನೆಗಳು ಮುರಿಯುವುದು, ಮನುಷ್ಯರು ಸಾಯುವುದು ನೆಲದ ಮೇಲೆ. ಅಲ್ಲಿಯ ಗಾಳಿ ದೂರದ ರೇಡಾರಿಗೆ ಕಾಣುವುದೇ ಇಲ್ಲ. ಆದ್ದರಿಂದ ಬಿರುಗಾಳಿ ರೇಡಾರಿನ ಬಳಿಗೆ ಬರುವವರೆಗೆ ಕಾಯುವ ಬದಲು ರೇಡಾರೇ ಬಿರುಗಾಳಿಯ ಬಳಿಗೆ ಹೋಗಬೇಕಾಯಿತು.

ಇದಕ್ಕೆ ತರಂಗಾಂತರದ ತೊಡಕೊಂದಿತ್ತು. ಕಿರಣವನ್ನು ಕಿರಿದುಗೊಳಿಸಬೇಕಾದರೆ ತರಂಗಾಂತರ ದೊಡ್ಡದಾದಷ್ಟೂ ತಟ್ಟೆಯೂ ದೊಡ್ಡದಾಗಬೇಕು. ಹತ್ತು ಸೆಂಟಿಮೀಟರ್ ತರಂಗಾಂತರದ ಜಾಲದ ರೇಡಾರಿನ ತಟ್ಟೆ ಎಂಟೂವರೆ ಮೀಟರ್ ವ್ಯಾಸದ್ದು. ಅದನ್ನು ಹೊತ್ತು ಹಳ್ಳಿಯ ದಾರಿಯಲ್ಲಿ ಓಡುವಂತಿಲ್ಲ. ಮೂರು ಸೆಂಟಿಮೀಟರಿನ ಅಲೆಗಾದರೆ ಎರಡೂವರೆ ಮೀಟರಿನ ತಟ್ಟೆ ಸಾಕು. ಆದರೆ ಸಣ್ಣ ಅಲೆ ಬಿರುಮಳೆಯಲ್ಲಿ ಬೇಗ ಕ್ಷಯಿಸುವುದು. ಗಾಳಿಯ ಸಮೀಪಕ್ಕೆ ಹೋದರೆ ಈ ಕ್ಷಯ ಕಡಿಮೆಯಾಗುವುದರಿಂದ, ಸಮೀಪ ಹೋಗುವ ಧೈರ್ಯವೇ ಸಣ್ಣ ಅಲೆಯ ನ್ಯೂನತೆಗೆ ಪರಿಹಾರವಾಯಿತು.

ಮೊದಲ ಹೆಜ್ಜೆಯಿಟ್ಟವರು ಓಕ್ಲಹೋಮ ವಿಶ್ವವಿದ್ಯಾನಿಲಯದ ಹೊವರ್ಡ್ ಬ್ಲೂಸ್ಟೈನ್. 1980ರ ದಶಕದಲ್ಲಿ ಇವರು, ಉಪಕರಣಗಳನ್ನು ತುಂಬಿದ ಪೀಪಾಯಿಯೊಂದನ್ನು ಸುಂಟರಗಾಳಿಯ ಹಾದಿಯಲ್ಲಿಟ್ಟು ಬರುವ ಪ್ರಯತ್ನದಲ್ಲಿ ಭಾಗಿಗಳಾಗಿದ್ದರು. ಆ ಪ್ರಯತ್ನ ಕೈಗೂಡಲಿಲ್ಲ. ಸುಂಟರಗಾಳಿ ಎಂದೂ ನೇರವಾಗಿ ಪೀಪಾಯಿಯ ಮೇಲೆ ಹಾಯಲಿಲ್ಲ. ಬಳಿಕ ಅವರು ಲಾಸ್ ಅಲಮೋಸ್ ಪ್ರಯೋಗಾಲಯದವರು ನಿರ್ಮಿಸಿದ, ವಾಹನದಿಂದ ಇಳಿಸಿ ಮುಕ್ಕಾಲಿಯ ಮೇಲೆ ನಿಲ್ಲಿಸಬಹುದಾದ ಸಣ್ಣ ಡಾಪ್ಲರ್ ರೇಡಾರನ್ನು ಹಿಡಿದು ವಿದ್ಯಾರ್ಥಿಗಳೊಡನೆ ಹೊರಟರು. 1991ನೆಯ ಏಪ್ರಿಲ್ 26ರಂದು ಓಕ್ಲಹೋಮದ ರೆಡ್ ರಾಕ್ ಎಂಬಲ್ಲಿ ಅವರಿಗೆ ದೊರೆತ ಅಳತೆ ಸೆಕೆಂಡಿಗೆ 120 ಮೀಟರಿಗೂ ಮಿಗಿಲು. ಗಂಟೆಗೆ ಸುಮಾರು 430 ಕಿಲೋಮೀಟರ್. ಅತ್ಯುನ್ನತ ದರ್ಜೆಯ ವೇಗಗಳು ಅವಶೇಷಗಳನ್ನೋದಿದವರ ಕಲ್ಪನೆಯಲ್ಲವೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣವಾಯಿತು.

ಮುಂದಿನ ಹೆಜ್ಜೆ 1995ರಲ್ಲಿ. ಸುಂಟರಗಾಳಿಯ ಉತ್ಪತ್ತಿಯನ್ನರಿಯಲು 1994 ಮತ್ತು 1995ರ ವಸಂತ ಋತುಗಳಲ್ಲಿ ಎರಿಕ್ ರಾಸ್ಮುಸೆನ್ ಅವರ ನಿರ್ದೇಶನದಲ್ಲಿ 'ವಾರ್ಟೆಕ್ಸ್' ಎಂಬ ಮಹಾಪ್ರಯೋಗ ನಡೆಯಿತು. ಅದರ ಕೊನೆಯ ವಾರಗಳಲ್ಲಿ ಜಾಷುವಾ ವರ್ಮನ್ ಮತ್ತು ಅವರ ಸಂಗಡಿಗರು, ಬೇರೆಡೆ ಉಪಯೋಗಿಸಿ ಉಳಿದಿದ್ದ ಬಿಡಿಭಾಗಗಳನ್ನು ಕೂಡಿಸಿ, ಲಾರಿಯ ಮೇಲೆ ತಿರುಗುವ ಡಾಪ್ಲರ್ ರೇಡಾರನ್ನು ಸಿದ್ಧಪಡಿಸಿದರು. ಇದಕ್ಕೆ 'ಗಾಲಿಗಳ ಮೇಲಣ ಡಾಪ್ಲರ್' ಎಂಬರ್ಥದ ಹೆಸರಿಟ್ಟರು. 1995ನೆಯ ಜೂನ್ 2ರಂದು ಟೆಕ್ಸಾಸಿನ ಡಿಮಿಟ್ ಎಂಬ ಊರಿನ ಬಳಿ ಅದು ಕಂಡ ದೃಶ್ಯ ಶಾಸ್ತ್ರದ ಇತಿಹಾಸದಲ್ಲಿ ನಿಲ್ಲತಕ್ಕದ್ದು. ನಡುವೆ ಪ್ರತಿಧ್ವನಿ ಕ್ಷೀಣವಾದ ಒಂದು 'ಕಣ್ಣು'. ಸುತ್ತಲೂ ಮೇಲೆದ್ದ ಮಣ್ಣುಮಸಿಯ ಉಂಗುರ. ಅದರ ಆಚೀಚೆ ಎದುರುಬದುರು ದಿಕ್ಕಿನಲ್ಲಿ ಧಾವಿಸುವ ಗಾಳಿ. ನಡು ಅಕ್ಷದಲ್ಲಿ ಕೆಳಮುಖವಾದ ಪ್ರವಾಹ. ಅಲ್ಲಿಯವರೆಗೆ ಊಹೆಯ ವಿಷಯವಾಗಿದ್ದ ಒಳರಚನೆ ನಕ್ಷೆಯ ರೂಪದಲ್ಲಿ ಕಣ್ಣಮುಂದೆ ಬಂದಿತು. ಮರುವರ್ಷ ಈ ಫಲಿತಾಂಶ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

1999ನೆಯ ಮೇ 3ರಂದು ಓಕ್ಲಹೋಮದ ಬ್ರಿಜ್ ಕ್ರೀಕ್ ಮತ್ತು ಮೂರ್ ಊರುಗಳನ್ನು ಧ್ವಂಸಮಾಡಿ 36 ಜನರನ್ನು ಕೊಂದ ಸುಂಟರಗಾಳಿಯಲ್ಲಿ ಇಂಥದೇ ಲಾರಿ ಗಂಟೆಗೆ ಸುಮಾರು 300 ಮೈಲಿ, ಎಂದರೆ 480 ಕಿಲೋಮೀಟರ್ ವೇಗವನ್ನು ಅಳೆಯಿತು. ಅಂದು ಜನರನ್ನು ಎಚ್ಚರಿಸಿದುದು ನಾರ್ಮನ್ನಿನ ಹವಾಮಾನ ಕಚೇರಿ ಮತ್ತು ಅದರ ಸ್ಥಿರ ರೇಡಾರು ಎಂಬುದನ್ನು ಮರೆಯಲಾಗದು. ಎಚ್ಚರಿಕೆ ನೀಡುವುದು ಜಾಲದ ಕೆಲಸ. ಜಾಲಕ್ಕೆ ಕಂಡ ಚಿಹ್ನೆಯ ಕೆಳಗೆ, ನೆಲದ ಹತ್ತಿರ, ನಿಜವಾಗಿ ನಡೆಯುವುದೇನೆಂದು ಕಲಿಸುವುದು ಸಂಚಾರಿ ರೇಡಾರಿನ ಕೆಲಸ.

ಕ್ರಮೇಣ ಈ ಕುಟುಂಬ ಬೆಳೆಯಿತು. ಮೂರು ಮಿಲಿಮೀಟರ್ ತರಂಗಾಂತರದ, ಅತಿ ಸೂಕ್ಷ್ಮವಾದ ಕಿರಣದ ರೇಡಾರನ್ನು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದವರು ನಿರ್ಮಿಸಿದರು. ಮಳೆಯನ್ನು ಭೇದಿಸಿ ಹೆಚ್ಚು ದೂರ ನೋಡಬಲ್ಲ ಐದು ಸೆಂಟಿಮೀಟರಿನ ಲಾರಿ ರೇಡಾರುಗಳನ್ನು ಓಕ್ಲಹೋಮ ಮತ್ತು ಟೆಕ್ಸಾಸಿನ ಸಂಸ್ಥೆಗಳು ಕೂಡಿ ಕಟ್ಟಿದವು. ಡಾಪ್ಲರ್ ರೇಡಾರು ತನ್ನತ್ತ ಬರುವ ಅಥವಾ ತನ್ನಿಂದ ಹೋಗುವ ವೇಗವನ್ನಷ್ಟೇ ತಿಳಿಸುವುದು. ಅಡ್ಡಹಾಯುವ ಗಾಳಿ ಅದಕ್ಕೆ ಕಾಣದು. ಎರಡು ಲಾರಿಗಳನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿದರೆ ಎರಡು ಸಾಕ್ಷಿಗಳ ಹೇಳಿಕೆಯನ್ನು ಕೂಡಿಸಿ ಪೂರ್ಣ ಸಂಗತಿಯನ್ನು ತಿಳಿಯುವಂತೆ ಗಾಳಿಯ ನಿಜದಿಕ್ಕನ್ನು ತಿಳಿಯಬಹುದು. 2009 ಮತ್ತು 2010ರಲ್ಲಿ ನಡೆದ ಎರಡನೆಯ ವಾರ್ಟೆಕ್ಸ್ ಪ್ರಯೋಗ ಈ ತತ್ತ್ವದ ಮೇಲೆ ನಿಂತಿತು. 2009ನೆಯ ಜೂನ್ 5ರಂದು ವಯೋಮಿಂಗ್ ಸಂಸ್ಥಾನದ ಗೋಷೆನ್ ಕೌಂಟಿಯ ಸುಂಟರಗಾಳಿಯನ್ನು ಅನೇಕ ರೇಡಾರುಗಳು ಹುಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಏಕಕಾಲದಲ್ಲಿ ನೋಡಿದವು. 2011ರಲ್ಲಿ ಕಾರ್ಯಕ್ಕಿಳಿದ ಓಕ್ಲಹೋಮ ವಿಶ್ವವಿದ್ಯಾನಿಲಯದ ರೇಡಾರೊಂದು ಎರಡೇ ಸೆಕೆಂಡುಗಳಲ್ಲಿ ಪೂರ್ತಿ ಒಂದು ಸುತ್ತು ತಿರುಗಬಲ್ಲುದು. ಸುಂಟರಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುವುದೆಂಬ ಹಳೆಯ ನಂಬಿಕೆಯನ್ನು ಈ ಶೀಘ್ರದೃಷ್ಟಿ ಅಲುಗಿಸಿತು. ಕೆಲವು ಪ್ರಬಲ ಸುಂಟರಗಾಳಿಗಳಲ್ಲಿ ತೀವ್ರವಾದ ಸುತ್ತುವಿಕೆ ನೆಲದ ಬಳಿಯಲ್ಲಿಯೇ ಮೊದಲುಗೊಂಡು ಮೇಲಕ್ಕೆ ಹಬ್ಬಿತೆಂದು, ಇಲ್ಲವೆ ಎಲ್ಲ ಎತ್ತರಗಳಲ್ಲಿಯೂ ಬಹುಮಟ್ಟಿಗೆ ಒಮ್ಮೆಲೇ ತೊಡಗಿತೆಂದು ಕಂಡುಬಂದಿತು. ಸ್ಥಿರ ರೇಡಾರು ಒಂದು ಸಮಗ್ರ ನೋಟಕ್ಕೆ ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದಾಗ ಈ ಕ್ರಮ ಯಾರಿಗೂ ತಿಳಿಯುವಂತಿರಲಿಲ್ಲ.

ಇಲ್ಲಿ ಇತಿಹಾಸಜ್ಞನ ಗಮನಕ್ಕೆ ಅರ್ಹವಾದ ಇನ್ನೊಂದು ಸಂಗತಿಯಿದೆ. ಬಿರುಗಾಳಿಯನ್ನು ಲಾರಿಯಲ್ಲಿ ಬೆನ್ನಟ್ಟಲು ಮೋಡದಷ್ಟೇ ರಸ್ತೆಯೂ ಮುಖ್ಯ. 1785ರ ಭೂಶಾಸನದಿಂದ ಮೊದಲುಗೊಂಡ ಅಮೆರಿಕದ ಮೋಜಣಿ ಪದ್ಧತಿ, ಪಶ್ಚಿಮದ ನೆಲವನ್ನು ಒಂದೊಂದು ಚದರ ಮೈಲಿಯ ಚೌಕಗಳಾಗಿ ಹೆಣೆಯಿತು. ಓಕ್ಲಹೋಮ, ಕಾನ್ಸಾಸ್ ಸಂಸ್ಥಾನಗಳ ಬಯಲಿನಲ್ಲಿ ಚೌಕಗಳ ಅಂಚಿನಲ್ಲಿಯೇ ಹಾದಿಗಳು ಬಿದ್ದವು. ರೈತರಿಗೆ ಭೂಮಿ ಹಂಚಲು ಹಾಕಿದ ಗೆರೆಗಳು ಎರಡು ಶತಮಾನಗಳ ತರುವಾಯ ವಿಜ್ಞಾನಿಗಳಿಗೆ ಬಿರುಗಾಳಿಯ ಸುತ್ತ ಸುಳಿಯುವ ಮಾರ್ಗಗಳಾದವು. ನದಿಗಳೂ ಗದ್ದೆಗಳೂ ತುಂಬಿದ ಬಂಗಾಳದ ಮುಖಜಭೂಮಿಯಲ್ಲಿ ಇಂಥ ಬೆನ್ನಟ್ಟುವಿಕೆ ಸುಲಭವಾಗಿ ಸಾಗದು. ಅತ್ಯಂತ ಹೆಚ್ಚು ಜನ ಸತ್ತ ಸುಂಟರಗಾಳಿ ಒಂದೆಡೆ. ಅತ್ಯಂತ ಸೂಕ್ಷ್ಮವಾಗಿ ಅಳೆದ ಸುಂಟರಗಾಳಿ ಇನ್ನೊಂದೆಡೆ. ಜ್ಞಾನ ಸಂಗ್ರಹವಾಗುವ ಸ್ಥಳವನ್ನು ವಿಪತ್ತಿನ ತೀವ್ರತೆಯೊಂದೇ ನಿರ್ಧರಿಸುವುದಿಲ್ಲ. ಭೂಮಿಯ ವಿನ್ಯಾಸವೂ ಸಂಪತ್ತೂ ನಿರ್ಧರಿಸುತ್ತವೆ.

ಭಾರತದಲ್ಲಿ ಡಾಪ್ಲರ್ ಹವಾಮಾನ ರೇಡಾರು ಮೊದಲು ಕಾರ್ಯಾರಂಭ ಮಾಡಿದುದು 2002ರಲ್ಲಿ, ಚೆನ್ನೈಯಲ್ಲಿ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಮೇಲೆ ಕಣ್ಣಿಡುವುದು ಅದರ ಮುಖ್ಯೋದ್ದೇಶ. ತರುವಾಯ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಂಥ ರೇಡಾರುಗಳನ್ನು ದೇಶದಲ್ಲಿಯೇ ತಯಾರಿಸಿತು; 2016ರಲ್ಲಿ ಚಿರಾಪುಂಜಿಯಲ್ಲಿ ಉದ್ಘಾಟನೆಯಾದುದು ಅವುಗಳಲ್ಲೊಂದು. ಇವೆಲ್ಲ ಸ್ಥಿರ ರೇಡಾರುಗಳು. ಮೇಲೆ ಹೇಳಿದ ಕಿರಣದ ರೇಖಾಗಣಿತ ಇವುಗಳಿಗೂ ಅನ್ವಯಿಸುವುದು.

ಎಲ್ ರೀನೋ: ಎರಡು ಸಾಕ್ಷ್ಯಗಳ ವಿವಾದ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. 2013ನೆಯ ಮೇ 31ರ ಸಂಜೆ ಓಕ್ಲಹೋಮದ ಎಲ್ ರೀನೋ ಎಂಬ ಊರಿನ ದಕ್ಷಿಣಕ್ಕೆ, ಬಹುಮಟ್ಟಿಗೆ ತೆರೆದ ಹೊಲಗಳಲ್ಲಿ, ಒಂದು ಸುಂಟರಗಾಳಿ ಹಾಯಿತು. ಅದರ ಅಗಲ ಒಂದು ಹಂತದಲ್ಲಿ 2.6 ಮೈಲಿ, ಎಂದರೆ 4.2 ಕಿಲೋಮೀಟರ್, ಅಮೆರಿಕದ ದಾಖಲೆಗಳಲ್ಲಿ ಇದಕ್ಕಿಂತ ಅಗಲವಾದುದಿಲ್ಲ. ಅದರೊಳಗೆ ಚಿಕ್ಕ ಸುಳಿಗಳು ಅತಿವೇಗದಿಂದ ಸುತ್ತುತ್ತಿದ್ದವು. ಬಳಿಯಲ್ಲಿದ್ದ ಸಂಚಾರಿ ರೇಡಾರುಗಳು ಗಂಟೆಗೆ 300 ಮೈಲಿಯ ಸಮೀಪದ ವೇಗವನ್ನು ಅಳೆದವು. ಮೊದಲು ಹವಾಮಾನ ಇಲಾಖೆ ಈ ಅಳತೆಯನ್ನು ಮನ್ನಿಸಿ ಸುಂಟರಗಾಳಿಗೆ ಅತ್ಯುನ್ನತವಾದ ಐದನೆಯ ದರ್ಜೆಯನ್ನು ಕೊಟ್ಟಿತು. ಆದರೆ ಹಾನಿಯನ್ನು ಪರೀಕ್ಷಿಸಿದವರಿಗೆ ಮೂರನೆಯ ದರ್ಜೆಗೆ ಮೀರಿದ ಗುರುತು ಎಲ್ಲಿಯೂ ದೊರೆಯಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಇಲಾಖೆ ತನ್ನ ನಿರ್ಣಯವನ್ನು ಬದಲಾಯಿಸಿ, ಅದನ್ನು ಮೂರನೆಯ ದರ್ಜೆಗೆ ಇಳಿಸಿತು. ಮೂರನೆಯ ದರ್ಜೆಯ ಮೇಲಿನ ಮಿತಿ ಗಂಟೆಗೆ 165 ಮೈಲಿ. ಒಂದೇ ಗಾಳಿಗೆ ಎರಡು ಸಾಕ್ಷ್ಯಗಳು. ಎರಡರ ನಡುವೆ ನೂರು ಮೈಲಿಗೂ ಮೀರಿದ ಅಂತರ.

ಇಲಾಖೆಯ ನಿರ್ಣಯವನ್ನು ಹಳೆಯ ಪದ್ಧತಿಯ ಹಠವೆಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದರ ಪಕ್ಷದಲ್ಲಿ ಹೇಳಬೇಕಾದ ಮಾತುಗಳಿವೆ. ಸಂಚಾರಿ ರೇಡಾರು ನೋಡುವುದು ಎಲ್ಲೋ ಕೆಲವು ಸುಂಟರಗಾಳಿಗಳನ್ನು ಮಾತ್ರ. ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸುಂಟರಗಾಳಿಗಳು ದಾಖಲಾಗುತ್ತವೆ. ಕೆಲವನ್ನು ರೇಡಾರಿನಿಂದಲೂ ಮಿಕ್ಕವನ್ನು ಅವಶೇಷಗಳಿಂದಲೂ ಅಳೆದು ಒಂದೇ ಪಟ್ಟಿಯಲ್ಲಿ ಬೆರೆಸಿದರೆ, ಒಂದು ದಶಕವನ್ನು ಮತ್ತೊಂದರೊಡನೆ ಹೋಲಿಸುವುದು ಹೇಗೆ? ಅದಲ್ಲದೆ ರೇಡಾರು ಅಳೆಯುವುದು ಕ್ಷಣಿಕ ವೇಗವನ್ನು, ಅದೂ ನೆಲದಿಂದ ಹಲವು ಬಾರಿ ಹತ್ತಾರು ಮೀಟರ್ ಎತ್ತರದಲ್ಲಿ. ಮಾನದಂಡದ ವೇಗವಾದರೋ ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ಬೀಸಿದ ಗಾಳಿಯದು. ಗಾಳಿಯ ಬದಲು ಅದು ಹೊತ್ತ ಕಸಕಡ್ಡಿಯ ವೇಗವನ್ನು ರೇಡಾರು ಅಳೆದಿರುವ ಸಂಭವವೂ ಉಂಟು. ಈ ಆಕ್ಷೇಪಗಳು ನ್ಯಾಯವಾದವು.

ಆದರೂ ಇವು ನೂರು ಮೈಲಿಗಳ ಅಂತರವನ್ನು ತುಂಬಲಾರವು. 2021ರಲ್ಲಿ ವರ್ಮನ್ ಮತ್ತು ಅವರ ಸಹೋದ್ಯೋಗಿಗಳು ಸಂಚಾರಿ ರೇಡಾರುಗಳು ಅಳೆದ 120 ಸುಂಟರಗಾಳಿಗಳ ದತ್ತಾಂಶವನ್ನು ಒಟ್ಟುಗೂಡಿಸಿ ಪ್ರಕಟಿಸಿದ ಪ್ರಬಂಧ ಇದನ್ನು ಸ್ಪಷ್ಟಪಡಿಸಿತು. ಅವಶೇಷಗಳಿಂದ ನಿರ್ಣಯಿಸಿದ ದರ್ಜೆ ಸರಾಸರಿಯಲ್ಲಿ ರೇಡಾರಿನ ದರ್ಜೆಗಿಂತ ಒಂದಕ್ಕೂ ಹೆಚ್ಚು ಮೆಟ್ಟಲು ಕೆಳಗಿತ್ತು. ರೇಡಾರು ಕಂಡ ಸುಂಟರಗಾಳಿಗಳಲ್ಲಿ ಸುಮಾರು ಐದರಲ್ಲೊಂದು ಪಾಲು ನಾಲ್ಕು ಅಥವಾ ಐದನೆಯ ದರ್ಜೆಯ ಹಾನಿಮಾಡುವ ಶಕ್ತಿಯುಳ್ಳವಾಗಿದ್ದವು. ಅವಶೇಷಗಳ ಪಟ್ಟಿಯಲ್ಲಾದರೋ ಅಂಥವು ಬಹು ವಿರಳ. ತಾತ್ಪರ್ಯವಿಷ್ಟು: ನಾವು ಸುಂಟರಗಾಳಿಗಳ ಇತಿಹಾಸವೆಂದು ಓದುತ್ತಿದ್ದುದು ಬಹುಮಟ್ಟಿಗೆ ಅವುಗಳ ಹಾದಿಯಲ್ಲಿದ್ದ ಮನೆಗಳ ಇತಿಹಾಸ. ಶಾಸನ ದೊರೆಯದ ಪ್ರದೇಶದಲ್ಲಿ ರಾಜ್ಯವೇ ಇರಲಿಲ್ಲವೆಂದು ಬರೆಯುವ ಇತಿಹಾಸಕಾರ ಮಾಡುವ ತಪ್ಪೂ ಇದೇ ಜಾತಿಯದು. ಕಲ್ಲಿದ್ದೆಡೆ ಶಾಸನ ಉಳಿಯಿತು. ಕಟ್ಟಡವಿದ್ದೆಡೆ ಗಾಳಿ ದಾಖಲಾಯಿತು.

ಇದು ಬರಿಯ ಪಟ್ಟಿಯ ವಿವಾದವಲ್ಲ. ಮನೆ, ಶಾಲೆ, ಆಸ್ಪತ್ರೆ, ಆಶ್ರಯಕೊಠಡಿ ಇವುಗಳನ್ನು ಎಷ್ಟು ಬಲವಾಗಿ ಕಟ್ಟಬೇಕೆಂಬುದನ್ನು ಹಿಂದಿನ ದಾಖಲೆಯನ್ನು ನೋಡಿ ನಿರ್ಧರಿಸಲಾಗುವುದು. ಪ್ರಬಲವಾದ ಗಾಳಿ ಅಪರೂಪವೆಂದು ದಾಖಲೆ ಹೇಳಿದರೆ ಗೋಡೆ ತೆಳುವಾಗುವುದು. ಇಂದು ಹೊಲವಾಗಿರುವುದು ನಾಳೆ ಬಡಾವಣೆಯಾಗುವುದು. ಅಲ್ಲಿ ಹಿಂದೆ ಹಾಯ್ದ ಗಾಳಿ ಮೂರನೆಯ ದರ್ಜೆಯದೆಂದು ನಂಬಿ ಕಟ್ಟಿದ ಮನೆಯಲ್ಲಿ ಮುಂದೆ ಯಾರೋ ವಾಸಿಸುವರು.

ಎಲ್ ರೀನೋವಿನ ಸಂಜೆಗೆ ಇನ್ನೊಂದು ಮುಖವುಂಟು. ಅಂದು ಮಡಿದವರಲ್ಲಿ ಟಿಮ್ ಸಮರಾಸ್, ಅವರ ಮಗ ಪಾಲ್ ಸಮರಾಸ್, ಸಂಗಡಿಗ ಕಾರ್ಲ್ ಯಂಗ್ ಎಂಬ ಮೂವರು ಸಂಶೋಧಕರಿದ್ದರು. ರೇಡಾರು ಕಾಣಲಾರದ ನೆಲಮಟ್ಟದ ಸಂಗತಿಯನ್ನು ಅಳೆಯಲು, ಸುಂಟರಗಾಳಿಯ ಹಾದಿಯಲ್ಲಿ ಸಣ್ಣ ಉಪಕರಣಗಳನ್ನಿಟ್ಟು ಬರುವುದು ಟಿಮ್ ಸಮರಾಸರ ವಿಶೇಷ ಕಾರ್ಯವಾಗಿದ್ದಿತು. 2003ನೆಯ ಜೂನ್ 24ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಎಂಬ ಹಳ್ಳಿಯ ಬಳಿ ಅವರಿಟ್ಟ ಉಪಕರಣ, ಸುಂಟರಗಾಳಿ ಮೇಲೆ ಹಾದಾಗ ವಾಯುಭಾರ 100 ಮಿಲಿಬಾರುಗಳಷ್ಟು ಕುಸಿದುದನ್ನು ದಾಖಲಿಸಿತು. ಪೀಪಾಯಿಯಿಂದ ಸಾಧ್ಯವಾಗದಿದ್ದುದನ್ನು ಸಾಧಿಸಿದ ಮನುಷ್ಯ, ಒಳಸುಳಿಯೊಂದು ಅನಿರೀಕ್ಷಿತವಾಗಿ ದಾರಿಗೆ ಬಂದುದರಿಂದ, ಮೋಟಾರಿನಲ್ಲಿಯೇ ಪ್ರಾಣ ಬಿಡಬೇಕಾಯಿತು. ಆ ಸುಳಿಯ ಚಲನೆಯನ್ನು ಕ್ಷಣಕ್ಷಣಕ್ಕೂ ಗುರುತಿಸಿ, ಅವರ ಕೊನೆಯ ನಿಮಿಷಗಳು ಹೇಗಿದ್ದಿರಬೇಕೆಂದು ತಿಳಿಸಿದುದು ಸಂಚಾರಿ ರೇಡಾರುಗಳ ದತ್ತಾಂಶವೇ. ಅವರು ಸತ್ತ ಗಾಳಿ ದಾಖಲೆಯಲ್ಲಿ ಮೂರನೆಯ ದರ್ಜೆಯದಾಗಿ ಉಳಿಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಒಂದನೆಯದು, ಸಂಚಾರಿ ರೇಡಾರು ಹಳೆಯ ಸಾಕ್ಷ್ಯವನ್ನು ನಿರರ್ಥಕಗೊಳಿಸಲಿಲ್ಲ. ಅದರ ಮಿತಿಯನ್ನು ತೋರಿಸಿಕೊಟ್ಟಿತು. ರೇಡಾರು ಇಲ್ಲದ ಕಾಲದ, ರೇಡಾರು ತಲಪದ ದೇಶದ ಸುಂಟರಗಾಳಿಗಳಿಗೆ ಫುಜಿಟಾ ಅವರ ವಿಧಾನವೇ ಗತಿ. ನಮ್ಮ ಅಭಿಪ್ರಾಯದಲ್ಲಿ ಹಾನಿಯಿಂದ ಅನುಮಾನಿಸಿದ ದರ್ಜೆಯನ್ನೂ ಅಳೆದ ವೇಗವನ್ನೂ ಒಂದರಲ್ಲೊಂದನ್ನು ಬೆರೆಸದೆ, ಒಂದಕ್ಕಾಗಿ ಇನ್ನೊಂದನ್ನು ಅಳಿಸದೆ, ಪ್ರತ್ಯೇಕ ಅಂಕಣಗಳಲ್ಲಿ ಬರೆದಿಡುವುದೇ ಉಚಿತ. ಪಾಠಾಂತರಗಳಿರುವ ಗ್ರಂಥವನ್ನು ಸಂಪಾದಿಸುವಾಗ ನಾವು ಅನುಸರಿಸುವ ಕ್ರಮವೂ ಇದೇ ಅಲ್ಲವೆ?

ಎರಡನೆಯದು, ಪ್ರತಿಯೊಂದು ದಾಖಲೆಯೂ ತಾನು ಹುಟ್ಟಿದ ಬಗೆಯ ಗುರುತನ್ನು ಹೊತ್ತಿರುವುದು. ಮುಂದೆ ನಮ್ಮ ವಿದ್ಯಾರ್ಥಿಗಳು ಒಂದು ಶತಮಾನದ ಬಿರುಗಾಳಿ, ಬರಗಾಲ, ನೆರೆಗಳ ಪಟ್ಟಿಯನ್ನು ಕೈಗೆ ತೆಗೆದುಕೊಂಡಾಗ, ಅದರಲ್ಲಿ ಅಂಕಿಗಳು ಏರಿವೆಯೋ ಇಳಿದಿವೆಯೋ ಎಂದು ನೋಡುವ ಮೊದಲು, ಆ ಅಂಕಿಗಳನ್ನು ಬರೆದವರು ಎಲ್ಲಿ ನಿಂತು ನೋಡಿದರೆಂದು ವಿಚಾರಿಸಲಿ. ನೂರು ಕಿಲೋಮೀಟರ್ ದೂರದಲ್ಲಿ ನಿಂತವರಿಗೆ ಮೋಡದ ಮೇಲ್ಭಾಗ ಕಂಡಿತು. ಮರುದಿನ ಬಂದವರಿಗೆ ಮುರಿದ ಮನೆ ಕಂಡಿತು. ಸಮೀಪಕ್ಕೆ ಹೋದವರಿಗೆ ಗಾಳಿ ಕಂಡಿತು.